ನೊರೆ ಬಂದಿದ್ದು ಬೆಲ್ಲದ್ದು, ಬೆಂಡಿನದ್ದಲ್ಲ

ಪ್ರಶ್ನೆ: ಮೆಕ್ಕೆಜೋಳದ ಬೆಂಡನ್ನು ಗಿರಣಿಯಲ್ಲಿ ಪುಡಿ ಮಾಡಿಸಿ ನೀರು, ಬೆಲ್ಲ, ಈಸ್ಟ್ ಹಾಕಿಟ್ಟೆ. ಎರಡು ದಿನ ನೊರೆ ಬಂತು, ಆಮೇಲೆ ನಿಂತಿತು. ಎಥನಾಲ್ ಆಗಬೇಕಾದರೆ ಇನ್ನೂ ನುಣ್ಣಗೆ ಬೀಸಿಸಬೇಕಾ?

ಈ ತಿಂಗಳಲ್ಲಿ ಇದೇ ಪ್ರಶ್ನೆ ನಾಲ್ಕನೇ ಸಲ. ಎಲ್ಲರೂ ಒಂದೇ ವಿಡಿಯೋ ನೋಡಿದ್ದೀರಿ ಅನ್ಸುತ್ತೆ. ಸ್ವಾಮಿ, ಈಸ್ಟ್ ತಿಂದಿದ್ದು ಬೆಲ್ಲ. ಅದು ಮುಗಿಯಿತು, ನೊರೆ ನಿಂತಿತು. ಬೆಲ್ಲ ಬಿಟ್ಟು ಬರೀ ಪುಡಿ ನೆನೆಹಾಕಿ ನೋಡಿ, ನಾಲ್ಕು ದಿನಕ್ಕೆ ಹುಳಿ ವಾಸನೆ ಬಂದೀತು, ಅಷ್ಟೆ.

ಬೆಂಡಿನಲ್ಲಿ ಸಕ್ಕರೆ ಇರೋದು ಸುಳ್ಳಲ್ಲ. ಆದರೆ ಅದು ಸೆಲ್ಯುಲೋಸ್, ಹೆಮಿಸೆಲ್ಯುಲೋಸ್ ಅನ್ನೋ ಉದ್ದ ಸರಪಳಿಗಳಲ್ಲಿದೆ. ಅವುಗಳ ಸಂದಿಯಲ್ಲೆಲ್ಲ ಲಿಗ್ನಿನ್ ಗಾರೆಯ ಹಾಗೆ ಮೆತ್ತಿಕೊಂಡಿದೆ. ಗಿರಣಿಯಲ್ಲಿ ಬೀಸಿದರೆ ಗಾರೆಯ ಸಮೇತ ಪುಡಿಯಾಗುತ್ತದೆ, ಗಾರೆ ಬಿಡಲ್ಲ. ಕಾರ್ಖಾನೆಯವರು ಚಿಕ್ಕ ತುಂಡು ಮಾಡಿ ನಿಲ್ಲಿಸುತ್ತಾರೆ. ಅದಕ್ಕಿಂತ ನುಣ್ಣಗೆ ಹೋದರೆ ಕರೆಂಟ್ ಬಿಲ್ಲೇ ಲಾಭ ತಿನ್ನುತ್ತದೆ. ಮುಂದಿನದು ಅಡುಗೆ ಕೆಲಸ. ತುಸು ಗಂಧಕಾಮ್ಲ ಸೇರಿಸಿ, 160ರಿಂದ 200 ಡಿಗ್ರಿ ಹಬೆಯಲ್ಲಿ ಬೇಯಿಸಿ, ಒತ್ತಡವನ್ನು ತಟ್ಟನೆ ಬಿಡುತ್ತಾರೆ. ನಾರು ಒಳಗಿನಿಂದ ಸಿಡಿದು ಕಂದು ಕೆಸರಾಗಿ ಬೀಳುತ್ತದೆ. ಆಗ ಮಾತ್ರ ಸರಪಳಿ ಕತ್ತರಿಸಿ ಸಕ್ಕರೆ ಬಿಡಿಸುವ ಕಿಣ್ವಕ್ಕೆ ಒಳಗೆ ದಾರಿ. ಹದ ತಪ್ಪಿ ಜಾಸ್ತಿ ಬೆಂದರೆ ಸಕ್ಕರೆಯೇ ಕೆಟ್ಟು ಫರ್ಫುರಾಲ್ ಆಗುತ್ತದೆ. ಅದು ಈಸ್ಟ್‌ಗೆ ವಿಷ. ಇಷ್ಟೆಲ್ಲ ಆದ ಮೇಲೂ ಬೆಂಡಿನಲ್ಲಿ ಜಾಸ್ತಿ ಇರುವ ಕ್ಸೈಲೋಸ್ ಸಕ್ಕರೆಯನ್ನು ಬೇಕರಿ ಈಸ್ಟ್ ಮೂಸಿಯೂ ನೋಡಲ್ಲ.

ಮನೆ ಕುಕ್ಕರಿನಲ್ಲಿ ಮಾಡ್ತೀನಿ ಅನ್ನಬೇಡಿ. ಕುಕ್ಕರ್ ಸುಮಾರು 120 ಡಿಗ್ರಿಗೇ ಸೀಟಿ ಹಾಕುತ್ತದೆ, ಆಮ್ಲ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ನಮ್ಮ ಲ್ಯಾಬಿನಲ್ಲಿ ಒಮ್ಮೆ ಗ್ಯಾಸ್ಕೆಟ್ ಹಾರಿದಾಗಿನಿಂದ ನಾನು ಯಾವ ಮುಚ್ಚಳದ ಎದುರಿಗೂ ನಿಲ್ಲಲ್ಲ. ಸಾಲದ್ದಕ್ಕೆ ಲೈಸೆನ್ಸ್ ಇಲ್ಲದೆ ಭಟ್ಟಿ ಇಳಿಸಿದರೆ ಅಬಕಾರಿಯವರು ಬರುತ್ತಾರೆ. ಬೆಂಡನ್ನು ಒಲೆಗೆ ಹಾಕಿ, ಇಲ್ಲವೇ ಬ್ರಿಕೆಟ್ (ಒತ್ತಿ ಮಾಡುವ ಉರುವಲು ಗಟ್ಟಿ) ಮಾಡುವವರಿಗೆ ಮಾರಿ.

ಪ್ರಶ್ನೆ: ಪಾಣಿಪತ್‌ನಲ್ಲಿ ಭತ್ತದ ಹುಲ್ಲಿನಿಂದ ಎಥನಾಲ್ ಮಾಡ್ತಾರಲ್ಲ?

2022ರಲ್ಲಿ ಉದ್ಘಾಟನೆಯಾದ ಆ ಇಂಡಿಯನ್ ಆಯಿಲ್ ಸ್ಥಾವರದ ಸಾಮರ್ಥ್ಯ ದಿನಕ್ಕೆ 1 ಲಕ್ಷ ಲೀಟರ್. ನಿಮ್ಮ ಹತ್ತಿರ ಇರೋದು ನೀಲಿ ಡ್ರಮ್ಮು.

ಪ್ರಶ್ನೆ: ಎಲ್ಲ ಕಸವನ್ನೂ ಎಥನಾಲ್ ಮಾಡುವ ಕಿಣ್ವದ ಪುಡಿ ಸಿಗುತ್ತಂತೆ, ಕೊಳ್ಳಲೇ?

ಮಾರುವವನ ಬೈಕು ಅದೇ ಎಥನಾಲಿನಲ್ಲಿ ಓಡುತ್ತಾ ಅಂತ ಮೊದಲು ಕೇಳಿ.

ಪ್ರಶ್ನೆ: ಹೊಂಗೆ ಎಣ್ಣೆ ನೇರ ಟ್ರ್ಯಾಕ್ಟರಿಗೆ ಹಾಕಬಹುದಾ?

ಬೇಡ. ಎಣ್ಣೆ ಮಂದ, ಇಂಜೆಕ್ಟರ್ ಕಟ್ಟುತ್ತದೆ.