ಪೆಡಲ್ ಬಿಟ್ಟರೆ ಸೈಕಲ್ ನಿಲ್ಲುವುದು ಯಾಕೆ?

ಪ್ರಶ್ನೆ: ಮೇಷ್ಟ್ರೇ, ನನ್ನ ಮಗಳು ಒಂಬತ್ತನೇ ಕ್ಲಾಸು. ಓಡುತ್ತಿರುವ ವಸ್ತು ಓಡುತ್ತಲೇ ಇರುತ್ತದೆ ಅಂತ ಪಾಠದಲ್ಲಿದೆಯಂತೆ. 'ಹಾಗಾದರೆ ಪೆಡಲ್ ತುಳಿಯೋದು ಬಿಟ್ಟರೆ ಸೈಕಲ್ ಯಾಕೆ ನಿಲ್ಲುತ್ತದೆ?' ಅಂತ ಕೇಳಿದಳು. ನನಗೆ ಹೇಳಲು ಗೊತ್ತಾಗಲಿಲ್ಲ. — ಓದುಗರೊಬ್ಬರು, ತಿಪಟೂರು

ಉತ್ತರ: ಬಹಳ ಒಳ್ಳೆಯ ಪ್ರಶ್ನೆ, ನಾನು ಹೀಗಂದೆ ಅಂತ ಅವಳಿಗೆ ಹೇಳಿ. ಅರಿಸ್ಟಾಟಲ್ ಕೂಡ ತಳ್ಳುತ್ತಿದ್ದರೆ ಮಾತ್ರ ವಸ್ತು ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ ಅಂದುಕೊಂಡಿದ್ದ. ಗೆಲಿಲಿಯೋ ಬರುವವರೆಗೂ, ಅಂದರೆ ಹತ್ತಿರ ಹತ್ತಿರ 2000 ವರ್ಷ, ಹೆಚ್ಚಿನವರು ನಂಬಿದ್ದು ಅದನ್ನೇ.

ಪಾಠದ ಮಾತಿಗೆ ಇನ್ನೊಂದು ತುಂಡು ಇದೆ: ಹೊರಗಿನ ಬಲ ಅಡ್ಡ ಬರದಿದ್ದರೆ. ಸೈಕಲ್ ತಾನಾಗಿ ನಿಲ್ಲುವುದಿಲ್ಲ, ಅದನ್ನು ನಿಲ್ಲಿಸುತ್ತವೆ. ಎದುರಿನ ಗಾಳಿ ಒಂದು ಕಡೆ, ನೆಲಕ್ಕೆ ಒತ್ತಿ ಒತ್ತಿ ಉರುಳುವ ಟೈರು ಇನ್ನೊಂದು ಕಡೆ, ಜೊತೆಗೆ ಬೇರಿಂಗಿನ ಘರ್ಷಣೆ. ಗಾಳಿ ಕಮ್ಮಿ ಇರುವ ಟೈರಿನಲ್ಲಿ ತುಳಿದವರಿಗೆ ಇದು ಕಾಲಿಗೇ ಗೊತ್ತು.

ಮನೆಯಲ್ಲಿ ಕೇರಂ ಬೋರ್ಡ್ ಇದ್ದರೆ ಇವತ್ತೇ ಇಬ್ಬರೂ ಕೂತು ನೋಡಿ. ಮೊದಲು ಬೋರ್ಡನ್ನು ಚೆನ್ನಾಗಿ ಒರೆಸಿ ಸ್ಟ್ರೈಕರ್ ಹೊಡೆಯಿರಿ, ಸ್ವಲ್ಪ ದೂರ ಹೋಗಿ ನಿಲ್ಲುತ್ತದೆ. ಆಮೇಲೆ ಪೌಡರ್ ಉದುರಿಸಿ ಅಷ್ಟೇ ಜೋರಾಗಿ ಹೊಡೆಯಿರಿ. ಎದುರು ಅಂಚಿಗೆ ಬಡಿದು ವಾಪಸ್ ಬಂದರೂ ಬಂತು. ಬೆರಳು ಅದೇ, ಏಟೂ ಅಷ್ಟೇ. ಪೌಡರ್ ಸ್ಟ್ರೈಕರನ್ನು ತಳ್ಳಲಿಲ್ಲ ಅಲ್ವಾ? ತಡೆಯುವುದನ್ನು ಕಡಿಮೆ ಮಾಡಿತು, ಅಷ್ಟೇ. ಈಗ ಮಗಳನ್ನು ಕೇಳಿ: ತಡೆ ಪೂರ್ತಿ ಹೋದರೆ ಏನಾಗುತ್ತದೆ? 1977ರಲ್ಲಿ ಹಾರಿಸಿದ ವಾಯೇಜರ್ 1 ನೌಕೆ ಇವತ್ತಿಗೂ ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ವೇಗದಲ್ಲಿ ಹೋಗುತ್ತಲೇ ಇದೆ. ಹಿಂದಿನಿಂದ ಅದನ್ನು ತಳ್ಳುವ ಎಂಜಿನ್ ಯಾವುದೂ ಉರಿಯುತ್ತಿಲ್ಲ.

ಬಲ ಬೇಕಾಗುವುದು ಓಡುತ್ತಾ ಇರುವುದಕ್ಕಲ್ಲ, ವೇಗವನ್ನೋ ದಿಕ್ಕನ್ನೋ ಬದಲಿಸುವುದಕ್ಕೆ. 1687ರಲ್ಲಿ ನ್ಯೂಟನ್ ಬರೆದಿಟ್ಟ ಮೊದಲ ನಿಯಮ ಇದೇ. ಮಕ್ಕಳ ಕೈಲಿ ಇದನ್ನು ಸುಮ್ನೆ ಬಾಯಿಪಾಠ ಮಾಡಿಸುವುದು ನೋಡಿದರೆ ನನಗೆ ಸಂಕಟವಾಗುತ್ತದೆ, ಹತ್ತು ನಿಮಿಷ ಕೇರಂ ಆಡಿಸಿದರೆ ಸಾಕಿತ್ತು.

ಪ್ರಶ್ನೆ: ಬೈಕಿನ ವೇಗ 40ರಿಂದ 80ಕ್ಕೆ ಏರಿದರೆ, ಬ್ರೇಕ್ ಹಾಕಿದ ಮೇಲೆ ನಿಲ್ಲಲು ಎರಡು ಪಟ್ಟು ದೂರ ಬೇಕಲ್ಲವೇ? — ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಎರಡಲ್ಲ, ನಾಲ್ಕು ಪಟ್ಟು! ಬ್ರೇಕು ಪ್ರತಿ ಸೆಕೆಂಡಿಗೆ ಇಳಿಸುವ ವೇಗ ಅಷ್ಟೇ ಇರುವುದರಿಂದ ನಿಲ್ಲಲು ಎರಡರಷ್ಟು ಹೊತ್ತು ಬೇಕು, ಆ ಹೊತ್ತಿನಲ್ಲಿ ಬೈಕು ಓಡುವ ಸರಾಸರಿ ವೇಗವೂ ಎರಡರಷ್ಟು. ಒಣ ರಸ್ತೆಯಲ್ಲಿ, ಒಳ್ಳೆ ಬ್ರೇಕ್ ಇದ್ದು, 40ರಲ್ಲಿ ಸುಮಾರು 10 ಮೀಟರ್ ಸಾಕಾದರೆ 80ರಲ್ಲಿ 40 ಮೀಟರ್ ಬೇಕು. ಕಣ್ಣು ಕಂಡು ಕೈ ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲೇ 80ರ ಬೈಕು 22 ಮೀಟರ್ ದಾಟಿರುತ್ತದೆ. ದಯವಿಟ್ಟು ನಿಧಾನ ಹೋಗಿ.

ಪ್ರಶ್ನೆ: ಎತ್ತು ಗಾಡಿಯನ್ನು ಎಳೆದಷ್ಟೇ ಗಾಡಿಯೂ ಎತ್ತನ್ನು ಹಿಂದಕ್ಕೆ ಎಳೆಯುತ್ತದಂತೆ. ಮತ್ತೆ ಗಾಡಿ ಹೊರಡುವುದು ಹೇಗೆ? — ವಿದ್ಯಾರ್ಥಿನಿ, ಹಾವೇರಿ

ಉತ್ತರ: ನೋಡಮ್ಮ, ಆ ಎರಡು ಬಲಗಳು ಸಮ ಅನ್ನುವುದು ನಿಜ. ಆದರೆ ಒಂದು ಬೀಳುವುದು ಗಾಡಿಯ ಮೇಲೆ, ಇನ್ನೊಂದು ಎತ್ತಿನ ಮೇಲೆ. ಬೇರೆ ಬೇರೆ ವಸ್ತುಗಳ ಮೇಲೆ ಬಿದ್ದ ಬಲಗಳನ್ನು ಒಂದಕ್ಕೊಂದು ವಜಾ ಹಾಕುವ ಹಾಗಿಲ್ಲ. ಗಾಡಿಯನ್ನಷ್ಟೇ ನೋಡು: ಮುಂದಕ್ಕೆ ಎತ್ತಿನ ಎಳೆತ, ಹಿಂದಕ್ಕೆ ಚಕ್ರದ ತಡೆ. ಎಳೆತ ಜಾಸ್ತಿಯಾದರೆ ಗಾಡಿ ಹೊರಟಿತು. ಈಗ ಎತ್ತನ್ನು ನೋಡು. ಅದು ಗೊರಸು ಊರಿ ನೆಲವನ್ನು ಹಿಂದಕ್ಕೆ ಒದೆಯುತ್ತದೆ, ನೆಲ ಎತ್ತನ್ನು ಅಷ್ಟೇ ಬಲದಿಂದ ಮುಂದಕ್ಕೆ ತಳ್ಳುತ್ತದೆ. ಈ ತಳ್ಳು ಗಾಡಿ ಹಿಂದಕ್ಕೆ ಎಳೆಯುವುದಕ್ಕಿಂತ ಜಾಸ್ತಿ ಇದ್ದರೆ ಎತ್ತೂ ಮುಂದೆ ಹೆಜ್ಜೆ ಇಡುತ್ತದೆ. ಮಳೆಗಾಲದಲ್ಲಿ ಕೆಸರಿಗೆ ಸಿಕ್ಕ ಗಾಡಿ ನೋಡಿದ್ದೀಯಲ್ಲ? ಎತ್ತಿಗೆ ಶಕ್ತಿ ಇರುತ್ತದೆ, ಆದರೆ ಗೊರಸು ಜಾರುತ್ತದೆ, ನೆಲದಿಂದ ಬರಬೇಕಾದ ತಳ್ಳು ಬರುವುದಿಲ್ಲ. ಆಗ ಕಾಲ ಕೆಳಗೆ ಸೊಪ್ಪೆಯನ್ನೋ ಕಲ್ಲನ್ನೋ ಹಾಕುತ್ತಾರೆ ನೋಡು, ಅದು ಅದಕ್ಕೇ.