ಹಾಡು ಎತ್ತಿಕೊಡುವವರಿಗೇ ಗಂಟಲು ಕಟ್ಟಿದಾಗ

ಹೆಸರು, ಊರು, ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಇವರನ್ನು ಶಾಂತಕ್ಕ ಅನ್ನೋಣ. ವಯಸ್ಸು 40 ದಾಟಿದೆ. ಧಾರವಾಡದ ಕಡೆಯ ಹಳೆಯ ಬಾಸೆಲ್ ಮಿಷನ್ (ಸ್ವಿಟ್ಜರ್ಲೆಂಡಿನಿಂದ ಬಂದ ಕ್ರೈಸ್ತ ಸಂಸ್ಥೆ) ಮನೆತನ. ಆ ಭಾಗಕ್ಕೆ ಮಿಷನ್ ಬಂದದ್ದು 1837ರಲ್ಲಿ. ಇವರ ಮನೆಯಲ್ಲಿ ಅಜ್ಜಿಯ ಅಜ್ಜಿಯ ಕಾಲದಿಂದಲೂ ಸಂಜೆ ಪ್ರಾರ್ಥನೆಗೆ ಕನ್ನಡದ ಗೀತೆಗಳೇ.

ಗಂಡನ ಎರಡೂ ಕಿಡ್ನಿ ಕೈಕೊಟ್ಟಿವೆ. ವಾರಕ್ಕೆ 3 ಸಲ ಡಯಾಲಿಸಿಸ್, ಒಂದೊಂದು ಸಲಕ್ಕೆ 4 ತಾಸು. ಅದರ ಖರ್ಚು ಸರ್ಕಾರಿ ಯೋಜನೆಯಲ್ಲಿ ಹೋಗುತ್ತದೆ. ಬಸ್ ಚಾರ್ಜು, ನಿಂತುಹೋದ ಸಂಬಳ, ಮಗಳ ಕಾಲೇಜು ಫೀ ಯಾವ ಕಾರ್ಡಿನಲ್ಲೂ ಬರುವುದಿಲ್ಲ ಅಲ್ವಾ? ಮಹಿಳಾ ಸಂಘದ ಸಾಲದ ಕಂತು ಎರಡು ತಿಂಗಳಿಂದ ಬಾಕಿ.

ಆದರೆ ಅವರು ನನ್ನ ಹತ್ತಿರ ಆಪ್ತಸಲಹೆಗೆ ಬಂದದ್ದು ಇದಕ್ಕಲ್ಲ. ಹಾಡಲು ಆಗುತ್ತಿಲ್ಲ ಎಂದು ಬಂದಿದ್ದರು.

ಗುರುವಾರ ಮನೆಯಲ್ಲಿ ಸೇರುವ ಪ್ರಾರ್ಥನೆಯ ಕೂಟದಲ್ಲಿ 15 ವರ್ಷಗಳಿಂದ ಹಾಡು ಎತ್ತಿಕೊಡುವವರು ಇವರೇ. ಒಂದು ಗುರುವಾರ ಮೊದಲ ಸಾಲಿಗೇ ಗಂಟಲು ಕಟ್ಟಿತು. ಕೂಟದ ಹಿರಿಯ ಹೆಂಗಸೊಬ್ಬರು, 'ಇಂಥಾ ಹೊತ್ತಿನ್ಯಾಗ ಸ್ತುತಿ ಜಾಸ್ತಿ ಮಾಡಬೇಕವ್ವಾ, ನೀ ಸ್ತುತಿ ಮಾಡಿದ್ರ ದೇವರು ಕೆಲಸ ಮಾಡತಾನ' ಎಂದರಂತೆ. ಇನ್ನೊಬ್ಬರು ಮನೆಯಲ್ಲಿ ಏನಾದರೂ ಗುಪ್ತ ಪಾಪ ಇದೆಯಾ ಎಂದು ಕೇಳಿದರಂತೆ. ಕೇಳಿ ನನಗೇ ಮೈ ಉರಿಯಿತು.

'ಬಾಯಿ ತೆರದ್ರ ಸ್ತೋತ್ರ ಬರಂಗಿಲ್ರೀ ಅಕ್ಕಾರ, ಸಿಟ್ಟು ಬರತೈತಿ. ದೇವರ ಮ್ಯಾಲೆ ಸಿಟ್ಟು ಬಂದ್ರ ನಾ ಎಂಥಾ ಕ್ರಿಶ್ಚನ್ನು?'

ಇಲ್ಲಿ ನಾನೊಂದು ತಪ್ಪು ಮಾಡಿದೆ. ಬೈಬಲ್ಲಿನಲ್ಲಿ ಯೇಸುವಿನ ಸೇವಕರಾದ ಪೌಲ, ಸೀಲರು ಸೆರೆಮನೆಯಲ್ಲಿ ನಡುರಾತ್ರಿ ಹಾಡಿದ್ದನ್ನು ನೆನಪಿಸಿದೆ. ಅವರು 'ಹೂಂ ರೀ' ಎಂದು ಸೆರಗಿನ ತುದಿ ಸುತ್ತುತ್ತಾ ಕೂತರು. ಆ ಹೆಂಗಸರು ಹೇಳಿದ್ದನ್ನೇ ನಾನೂ ಹೇಳಿದ್ದೆ, ಸ್ವಲ್ಪ ಮೆತ್ತಗೆ, ಅಷ್ಟೆ.

ಆಮೇಲೆ ಸುಮ್ಮನಾಗಿ ನಿದ್ದೆ, ಊಟದ ಬಗ್ಗೆ ಕೇಳಿದೆ. ಬೆಳಗಿನ 3 ಗಂಟೆಗೆ ಎಚ್ಚರವಾಗುತ್ತದೆ, ಮತ್ತೆ ನಿದ್ದೆ ಹತ್ತುವುದಿಲ್ಲ. ಊಟ ಸೇರುವುದಿಲ್ಲ, ರವಿಕೆಗಳೆಲ್ಲ ಸಡಿಲವಾಗಿವೆ. ಸಾಯಬೇಕು ಅನಿಸಿದೆಯಾ ಎಂದು ನೇರವಾಗಿಯೇ ಕೇಳಿದೆ. 'ಸಾಯಬೇಕಂತಲ್ಲ, ಮುಂಜಾನೆ ಎಚ್ಚರ ಆಗದಿದ್ರ ಚಲೋ ಅನಸತೈತಿ' ಎಂದರು. ಇಂಥ ಮಾತನ್ನು ಹಗುರವಾಗಿ ಬಿಡುವಂತಿಲ್ಲ. ಅದೇ ವಾರ ಮನೋವೈದ್ಯರ ಹತ್ತಿರ ಕಳಿಸಿದೆ. ರಾತ್ರಿ ತೀರಾ ಕಷ್ಟವಾದರೆ ಮಾತಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರು 14416 ಬರೆದುಕೊಟ್ಟೆ. ಮಗಳಿಗೂ ತಿಳಿಸಲು ಅವರ ಒಪ್ಪಿಗೆ ಪಡೆದೆ.

'ಗುಳಿಗಿ ತಗೊಂಡ್ರ ನಂಬಿಕಿ ಇಲ್ಲ ಅಂದಂಗಲ್ಲೇನ್ರೀ?' ಎಂದರು. ಆಗ ಬೈಬಲ್ಲಿನ ಎಲೀಯನ ಕಥೆ ಓದಿದೆವು. ಸಾಕಪ್ಪಾ, ನನ್ನ ಪ್ರಾಣ ತೆಗೆದುಕೋ ಎಂದು ಗಿಡದ ಕೆಳಗೆ ಬಿದ್ದುಕೊಂಡ ಪ್ರವಾದಿ. ದೇವರು ಅವನನ್ನು ಗದರಿಸಲಿಲ್ಲ, ಹಾಡು ಎನ್ನಲೂ ಇಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು, ಮತ್ತೆ ನಿದ್ದೆ. ಎರಡು ಸಲ ಹಾಗೆಯೇ. ರೊಟ್ಟಿ ಎಂದ ಕೂಡಲೇ ಅವರ ಮುಖದಲ್ಲಿ ಸಣ್ಣ ನಗು ಬಂತು.

ಮುಂದಿನ ಭೇಟಿಯಲ್ಲಿ ಬೈಬಲ್ಲಿನ ಕೀರ್ತನೆಗಳ ಪುಸ್ತಕದಿಂದ ಕೀರ್ತನೆ 13 ಓದಿಸಿದೆ. ಬರೀ 6 ವಚನ. ಮೊದಲ ಎರಡರಲ್ಲೇ 'ಇನ್ನೆಷ್ಟು ದಿನ' ಎಂಬ ಕೇಳಿಕೆ 4 ಸಲ. ಹಾಡುತ್ತೇನೆ ಎಂಬ ಮಾತು ಬರುವುದು ಕಡೆಯ ವಚನದಲ್ಲಿ. ಎಲ್ಲಿ ಬೇಕಾದರೂ ನಿಲ್ಲಿಸಬಹುದು ಎಂದೆ. ಅವರು 4ನೆಯದಕ್ಕೆ ನಿಲ್ಲಿಸಿದರು. ಆಮೇಲೆ 88. ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೊಂದು ಸಮಾಧಾನದ ಮಾತೂ ಇಲ್ಲ. 'ಇದೂ ಕೀರ್ತನೆನ ಏನ್ರೀ?' ಎಂದರು. ಹೌದು, 150ರಲ್ಲಿ ಇದೂ ಒಂದು. ಆ ಇಡೀ ಪುಸ್ತಕಕ್ಕೆ ಹೀಬ್ರೂ ಭಾಷೆಯಲ್ಲಿರುವ ಹೆಸರಿನ ಅರ್ಥ ಸ್ತುತಿಗಳು ಎಂದು. ಸಿಟ್ಟನ್ನು ದೇವರ ಎದುರಿಗೇ ನಿಂತು ಹೇಳುವವರು ದೇವರನ್ನು ಬಿಟ್ಟವರಲ್ಲ ಎಂದು ನಾನು ನಂಬಿದ್ದೇನೆ, ಅವರಿಗೂ ಹಾಗೇ ಹೇಳಿದೆ.

ಪೌಲ, ಸೀಲರ ಕಥೆಗೂ ಆಮೇಲೆ ಸರಿಯಾಗಿ ಹಿಂದಿರುಗಿದೆವು. ಬಾಗಿಲು ತೆರೆಯಲಿ ಎಂದು ಅವರು ಹಾಡಿದರು ಎಂದು ಎಲ್ಲೂ ಬರೆದಿಲ್ಲ. ಭೂಕಂಪವಾಗಿ ಸೆರೆಮನೆಯ ಬಾಗಿಲು ತೆರೆದ ಮೇಲೂ ಅವರು ಓಡಿಹೋಗಲಿಲ್ಲ. ಸ್ತುತಿಯನ್ನು ಮುಂಗಡದ ಹಾಗೆ ಕಟ್ಟಿ ಕೆಲಸ ಮಾಡಿಸಿಕೊಳ್ಳುವ ಲೆಕ್ಕ ಅಲ್ಲಿಲ್ಲ. ಯಾಕೋಬನಂತೂ ಬೈಬಲ್ಲಿನಲ್ಲಿರುವ ತನ್ನ ಪತ್ರದಲ್ಲಿ ಬೇರೆ ಬೇರೆಯಾಗಿಯೇ ಹೇಳುತ್ತಾನೆ: ಕಷ್ಟದಲ್ಲಿರುವವನು ಪ್ರಾರ್ಥಿಸಲಿ, ಸಂತೋಷವಾಗಿರುವವನು ಹಾಡಲಿ.

ಹಾಗಾದರೆ ಹಾಡು? ಎರಡು ತಿಂಗಳು ಬೇರೆಯವರು ಎತ್ತಿಕೊಡಲಿ, ನೀವು ಹಿಂದೆ ಗೋಡೆಗೆ ಒರಗಿ ಕೂತು ಕೇಳಿ ಎಂದೆ. ಪಾರ್ಶ್ವವಾಯು ಬಡಿದವನನ್ನು ನಾಲ್ವರು ಹೊತ್ತು ತಂದಾಗ ಯೇಸು 'ಅವರ' ನಂಬಿಕೆಯನ್ನು ನೋಡಿದ ಎಂದಿದೆ. ಹೊತ್ತು ತಂದವರದ್ದೂ ಲೆಕ್ಕಕ್ಕೆ ಬರುತ್ತದೆ. ಶಾಂತಕ್ಕನ ಒಪ್ಪಿಗೆಯಿಂದಲೇ ಸಭಾಪಾಲಕರ (ಪಾಸ್ಟರ್) ಹತ್ತಿರ ಮಾತಾಡಿದೆ. ಡಯಾಲಿಸಿಸ್ ದಿನ ಉಪದೇಶ ಬೇಡ, ಊಟದ ಡಬ್ಬಿ ಕಳಿಸಿ ಎಂದೆ. ರೋಗಿಗೆ ಉಪ್ಪು, ನೀರು ಎಷ್ಟು ಎಂದು ಡಾಕ್ಟರನ್ನು ಕೇಳಿ ಅಡುಗೆ ಮಾಡಿ ಎಂದೂ ಸೇರಿಸಿದೆ. ಆ ಹಿರಿಯ ಹೆಂಗಸು ಮೊದಲು ಒಪ್ಪಲಿಲ್ಲ. ಸ್ತುತಿ ನಿಲ್ಲಿಸಿದರೆ ಸೈತಾನನಿಗೆ ಜಾಗ ಕೊಟ್ಟ ಹಾಗೆ ಎಂದರು. ಆದರೂ ಮೊದಲ ಡಬ್ಬಿ ಬಂದದ್ದು ಅವರ ಮನೆಯಿಂದಲೇ.

ನಾಲ್ಕು ತಿಂಗಳಾಯಿತು. ಡಯಾಲಿಸಿಸ್ ನಡೆದೇ ಇದೆ, ಸಾಲ ಪೂರ್ತಿ ತೀರಿಲ್ಲ. ಗುಳಿಗೆ ಮುಂದುವರಿದಿದೆ, ನಿದ್ದೆ ಬೆಳಗಿನ 5 ಗಂಟೆಯವರೆಗೆ ಬರುತ್ತಿದೆ. ಕೂಟದಲ್ಲಿ ಇನ್ನೂ ಹಿಂದೆಯೇ ಕೂರುತ್ತಾರೆ.

ದಿನಾ ಬೆಳಗ್ಗೆ ಗಂಡನ ಕೈಯ ಫಿಸ್ಟುಲಾ (ಡಯಾಲಿಸಿಸ್‌ಗೆಂದು ರಕ್ತನಾಳಗಳನ್ನು ಜೋಡಿಸಿದ ಜಾಗ) ಮೇಲೆ ಬೆರಳಿಟ್ಟು ನೋಡಬೇಕು. ರಕ್ತ ಸರಿಯಾಗಿ ಹರಿಯುತ್ತಿದ್ದರೆ ಝುಂ ಎಂದು ತಾಗುತ್ತದೆ. ಕಳೆದ ವಾರ ಹಾಗೆ ಬೆರಳಿಟ್ಟಾಗ ಬಾಯಿಗೆ ತಾನಾಗಿ ಒಂದು ಸಾಲು ಬಂತಂತೆ. ಗಂಡ ಕಣ್ಣು ತೆರೆದು ನೋಡಿದರಂತೆ.

'ಎರಡನೇ ಸಾಲು ಮರತೇ ಹೋಗಿತ್ರೀ' ಎಂದು ನಕ್ಕರು. ಮೂರು ವಾರ ಬಿಟ್ಟು ಮತ್ತೆ ಬರಲು ಹೇಳಿದ್ದೇನೆ.