ತೀವ್ರ ಮಧ್ಯಮ ಇಳಿದದ್ದನ್ನು ಬರೆಯಿರಿ

ನಮಸ್ಕಾರ.

‘ಸಂಗೀತವೇ ನನ್ನ ಉಸಿರು’ ಲೇಖನ ತಲುಪಿದೆ, ಎರಡು ಸಲ ಓದಿದೆ. ಈಗಿರುವ ಹಾಗೆ ಅದನ್ನು ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಆದರೆ ಸುಮ್ನೆ ವಾಪಸ್ ಕಳಿಸುವುದಕ್ಕೂ ಮನಸ್ಸಾಗಲಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಖಾರ ಜಾಸ್ತಿ ಅನ್ನಿಸಿದರೆ ನೀರು ಕುಡಿದು ಮುಂದೆ ಓದಿ.

ಹಗಲು ಬ್ಯಾಂಕಿನ ಕೆಲಸ, ಸಂಜೆ ಹಿಂದೂಸ್ತಾನಿ ಗಾಯನದ ಖ್ಯಾಲ್ ಪಾಠ. ಇಷ್ಟು ವರ್ಷವಾದರೂ ನಾನು ಯಾಕೆ ಹಾಡುತ್ತಿದ್ದೇನೆ ಎಂದು ನಿಮ್ಮನ್ನೇ ಕೇಳಿಕೊಂಡಿದ್ದೀರಿ. ಒಳ್ಳೆಯ ಪ್ರಶ್ನೆ. ಚಿತ್ರ ಬರೆಯುವವರು, ನಾಟಕ ಮಾಡುವವರು, ಕಥೆ ಬರೆಯುವವರು ಯಾರೂ ಇದರಿಂದ ತಪ್ಪಿಸಿಕೊಂಡಿಲ್ಲ. ಆದರೆ ಪ್ರಶ್ನೆ ಕೇಳಿದ್ದು ನಿಮ್ಮನ್ನು, ಉತ್ತರ ಹೇಳಿಸಿದ್ದು ಮಾತ್ರ ದೊಡ್ಡವರ ಬಾಯಿಂದ. ಮೊದಲ ಎರಡು ಪುಟದಲ್ಲಿ ನೀವು ಇಲ್ಲವೇ ಇಲ್ಲ.

ಭೀಮಸೇನ ಜೋಶಿ 1933ರಲ್ಲಿ, 11ರ ವಯಸ್ಸಿಗೆ, ಗುರುವನ್ನು ಹುಡುಕಿಕೊಂಡು ಗದಗದ ಮನೆ ಬಿಟ್ಟರು. ಸರಿ. ನಿಮ್ಮ ಸೀಮೆಯಲ್ಲಿ ಈ ಕಥೆ ಗೊತ್ತಿಲ್ಲದವರು ಯಾರು? ನೀವು ಮನೆ ಬಿಟ್ಟಿಲ್ಲ, ಬಿಡಬೇಕಾಗಿಯೂ ಇಲ್ಲ. ಅವರ ಕಥೆ ಹೇಳಿ ‘ಅದೇ ಹಂಬಲ ನನ್ನಲ್ಲೂ’ ಎಂದು ಒಂದು ಸಾಲು ಸೇರಿಸಿದರೆ ಅವರ ಹಂಬಲ ನಿಮ್ಮದಾಗುವುದಿಲ್ಲ, ಅಲ್ವಾ?

ಗಂಗೂಬಾಯಿ ಹಾನಗಲ್ ನಿಮಗೆ ಇನ್ನೂ ಹತ್ತಿರದವರು. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ, ಸವಾಯಿ ಗಂಧರ್ವರ ಹತ್ತಿರ ಪಾಠ ಹೇಳಿಸಿಕೊಂಡು ಮತ್ತೆ ಮನೆಗೆ ಬರುತ್ತಿದ್ದರು. ಮನೆ, ಮಕ್ಕಳು, ದುಡ್ಡಿನ ಚಿಂತೆ ಎಲ್ಲ ಇತ್ತು. ಗಂಟಲಿನ ಚಿಕಿತ್ಸೆಯ ನಂತರ ಅವರ ದನಿ ದಪ್ಪವಾದದ್ದನ್ನು ನೀವು ‘ದೈವಲೀಲೆ’ ಎಂದು ಬರೆದು ಮುಗಿಸಿದ್ದೀರಿ. ಅಲ್ಲೇ ನಿಲ್ಲಬೇಕಿತ್ತು. ಗಾಂಧಾರಿ ಅನ್ನುವ ಹೆಸರಿನಲ್ಲಿ ಬಂದ ಅವರ ಮೊದಲ ಗ್ರಾಮಫೋನ್ ಪ್ಲೇಟುಗಳಲ್ಲಿ ಇರುವುದು ತೆಳ್ಳಗಿನ ದನಿ. ಆ ಪ್ಲೇಟುಗಳನ್ನು ಕೇಳಿದ್ದ ಜನರ ಮುಂದೆ ಅವರು ಬೇರೆಯದೇ ಗಂಟಲಿನಿಂದ ಹಾಡಬೇಕಾಯಿತು. ಹಳೆಯ ದನಿಯ ನಾಟಕ ಆಡಲಿಲ್ಲ. ಇರುವ ದನಿಗೆ ಒಪ್ಪುವ ಹಾಗೆ, ಅವಸರವಿಲ್ಲದ ತೂಕದ ಗಾಯನ ಕಟ್ಟಿಕೊಂಡರು. ಅದರಲ್ಲಿ ದೈವದ ಪಾಲು ಎಷ್ಟೋ, ತನ್ನ ದನಿಯನ್ನು ತಾನೇ ಕೇಳಿಸಿಕೊಳ್ಳುವ ಧೈರ್ಯದ ಪಾಲಂತೂ ದೊಡ್ಡದೇ.

ಮಲ್ಲಿಕಾರ್ಜುನ ಮನಸೂರರ ವಿಷಯಕ್ಕೂ ಹೀಗೇ ಮಾಡಿದ್ದೀರಿ. ಪ್ಲೇಟುಗಳು ಬಂದು ಹೆಸರು ಮಾಡಿದ ಮೇಲೆ 1930ರ ದಶಕದಲ್ಲಿ ಅವರು ಗಾಯಕ ಮಂಜಿ ಖಾನರ ಮುಂದೆ ಮತ್ತೆ ಶಿಷ್ಯರಾಗಿ ಕೂತರು. 1937ರಲ್ಲಿ ಮಂಜಿ ಖಾನ್ ತೀರಿಕೊಂಡಾಗ ಅವರ ತಮ್ಮ ಭುರ್ಜಿ ಖಾನರ ಹತ್ತಿರ ತಾಲೀಮು ಮುಂದುವರಿಸಿದರು. ಇದನ್ನು ‘ವಿನಯದ ಪರಾಕಾಷ್ಠೆ’ ಎಂದು ಹೊಗಳಿದ್ದೀರಿ. ಮುಂದಿನ ಪ್ಯಾರಾದಲ್ಲೇ, ಆರು ತಿಂಗಳು ಯಮನ್ ರಾಗ ಬಿಟ್ಟು ಬೇರೇನೂ ಬೇಡ ಎಂದ ನಿಮ್ಮ ಗುರುಗಳನ್ನು ‘ಕಾರಣಾಂತರಗಳಿಂದ’ ಬಿಟ್ಟೆ ಎಂದು ಅರ್ಧ ಸಾಲಿನಲ್ಲಿ ದಾಟಿದ್ದೀರಿ. ನನಗೆ ಆ ಕಾರಣ ಬೇಕು. ಬೇಜಾರಾಯಿತೇ? ಅವಮಾನ ಅನ್ನಿಸಿತೇ? ಜೊತೆಯವರು ಆಗಲೇ ವೇದಿಕೆ ಹತ್ತಿದ್ದರೇ?

ಇನ್ನು ಮೂರನೇ ಪುಟ. ಇಲ್ಲಿ ಐದೇ ಸಾಲಿದೆ, ಆದರೆ ಇಡೀ ಲೇಖನದಲ್ಲಿ ಜೀವ ಇರುವುದು ಇಲ್ಲೇ. ಮೊಬೈಲಿನಲ್ಲಿ ಯಮನ್ ರೆಕಾರ್ಡ್ ಮಾಡಿದಿರಿ. ಇಯರ್‌ಫೋನ್ ಹಾಕಿ ಕೇಳಿದಾಗ ತೀವ್ರ ಮಧ್ಯಮ, ಅಂದರೆ ಆ ರಾಗದ ಏರಿಸಿದ ‘ಮ’ ಸ್ವರ, ಇರಬೇಕಾದ ಜಾಗದಿಂದ ಕೂದಲೆಳೆಯಷ್ಟು ಇಳಿದಿತ್ತು. ಗೊತ್ತಾಯಿತು. ಗೊತ್ತಾಗಿಯೂ ಸ್ವಲ್ಪ ಎಕೋ ಸೇರಿಸಿ ಎಲ್ಲರಿಗೂ ಕಳಿಸಿದಿರಿ. ‘ಅದ್ಭುತ’ ಎಂದು ಮೆಸೇಜ್ ಬಂದಾಗ ಖುಷಿಯಾಯಿತು, ಕಳಿಸಿದವರ ಮೇಲೆ ಒಂಚೂರು ಸಿಟ್ಟೂ ಬಂತು. ಮರುದಿನ ಅತ್ತೆ ಬಾಗಿಲು ತಟ್ಟುವವರೆಗೂ ಗ-ಮ-ಧ ಅಷ್ಟನ್ನೇ ಹೇಳುತ್ತಾ ಕೂತಿರಿ.

ಆ ಬೆಳಿಗ್ಗೆ ಯಾರೂ ಕೇಳುತ್ತಿರಲಿಲ್ಲ. ರೆಕಾರ್ಡಿಂಗ್ ಇರಲಿಲ್ಲ, ಕಾರ್ಯಕ್ರಮವೂ ಹತ್ತಿರ ಇರಲಿಲ್ಲ. ಆದರೂ ಕೂತಿರಿ. ನಾನು ಯಾಕೆ ಹಾಡುತ್ತೇನೆ ಅನ್ನುವುದಕ್ಕೆ ಉತ್ತರ ಎಲ್ಲಾದರೂ ಇದ್ದರೆ ಇಲ್ಲಿದೆ. ನೀವು ಅದನ್ನು ಬಿಟ್ಟು ‘ಸಂಗೀತ ಒಂದು ಸಾಗರ’ ಎಂದು ಮುಂದಕ್ಕೆ ಓಡಿದ್ದೀರಿ.

ಓಡಿದ ಮೇಲೆ ನಾಲ್ಕನೇ ಪುಟದಲ್ಲಿ ಬಯ್ದುಕೊಂಡಿದ್ದೀರಿ: ಸೋಮಾರಿ, ಅಹಂಕಾರಿ, ಕಲೆಗೆ ಅರ್ಹಳಲ್ಲ. ಇದನ್ನು ಆತ್ಮಾವಲೋಕನ ಅಂದುಕೊಂಡು ಕಳಿಸುವವರು ಬಹಳ ಜನ. ನನಗೆ ಇದರ ಮೇಲೆ ನಂಬಿಕೆ ಇಲ್ಲ. ‘ನಾನು ಅಯೋಗ್ಯಳು’ ಅನ್ನುವುದು ಸುಲಭ. ಓದಿದವರು ತಕ್ಷಣ ‘ಛೇ, ಹಾಗೇನಿಲ್ಲ’ ಅಂತಾರೆ, ಅಲ್ಲಿಗೆ ಲೆಕ್ಕ ಚುಕ್ತಾ. ಮಧ್ಯಮ ಇಳಿದಿತ್ತು, ಗೊತ್ತಿದ್ದೂ ಕಳಿಸಿದೆ ಅನ್ನುವುದು ಕಷ್ಟ. ಅದಕ್ಕೆ ಯಾರೂ ಸಮಾಧಾನ ಹೇಳಲು ಬರುವುದಿಲ್ಲ. ಹೇಳಿದರೂ ಪ್ರಯೋಜನವಿಲ್ಲ, ತಂಬೂರಿ ಹಾಕಿಕೊಂಡು ಸರಿ ಮಾಡಬೇಕು ಅಷ್ಟೇ.

‘ಚಪ್ಪಾಳೆಯ ಆಸೆ ನನಗಿಲ್ಲ’ ಅನ್ನುವ ಸಾಲನ್ನು ದಯವಿಟ್ಟು ತೆಗೆಯಿರಿ. ಇದೆ. ಇರಲಿ ಬಿಡಿ, ಅದೇನು ಪಾಪವೇ? ಬೈಠಕ್ಕಿನಲ್ಲಿ ಮುಂದೆ ಕೂತವರು ‘ವಾಹ್’ ಅನ್ನದಿದ್ದರೆ ಎಂಥವರಿಗೂ ಕಳೆಗುಂದುತ್ತದೆ. ಚಪ್ಪಾಳೆ ಬಂದ ದಿನ ಮನೆಗೆ ಹೋಗಿ ರೆಕಾರ್ಡಿಂಗ್ ಕೇಳುತ್ತೀರೋ ಇಲ್ಲವೋ, ಅದನ್ನು ಬರೆಯಿರಿ.

ಈಗ ಕೆಲಸದ ಮಾತು. ಮೊದಲೆರಡು ಪುಟ ಪೂರ್ತಿ ತೆಗೆಯಿರಿ. ಗಂಗೂಬಾಯಿಯವರು ಬೇಕೇ ಬೇಕು ಅನ್ನಿಸಿದರೆ ಒಂದು ಪ್ಯಾರಾ ಸಾಕು. ಇಯರ್‌ಫೋನ್ ಪ್ರಸಂಗದಿಂದ ಶುರು ಮಾಡಿ, ಆ ಐದು ಸಾಲು ಒಂದೂವರೆ ಪುಟ ಆಗಲಿ. ಗುರುಗಳನ್ನು ಬಿಟ್ಟದ್ದು ಅದರ ಹಿಂದೆಯೇ ಬರಲಿ, ಅವರ ಹೆಸರು ಬೇಡ, ನಿಮ್ಮ ಪರ ವಕಾಲತ್ತೂ ಬೇಡ. ಶೀರ್ಷಿಕೆ ಬದಲಾಯಿಸಿ. ಹನ್ನೆರಡು ನೂರು ಪದ ದಾಟಬಾರದು. ತಂಬೂರಿ ಹಿಡಿದು ಕಣ್ಣು ಮುಚ್ಚಿಕೊಂಡ ಫೋಟೊ ಕಳಿಸಿದ್ದೀರಲ್ಲ, ಅದು ಸದ್ಯಕ್ಕೆ ನಿಮ್ಮ ಹತ್ತಿರವೇ ಇರಲಿ. ಲೇಖನ ಮಾತ್ರ ಕಳಿಸಿ.

ಸಂಪಾದಕ